ವೈರಕ್ಕನ ಎಡಗಿವಿ

ಬೆಳಗಿನ ಐದೂಮುಕ್ಕಾಲು. ರೈಲು ನಿಲ್ದಾಣದ ಮೇಲ್ಸೇತುವೆಯ ಮೆಟ್ಟಿಲ ಕೆಳಗೆ, ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಲು ಜಾಗವಿಲ್ಲದ ಗೂಡಿನಲ್ಲಿ ಬಲ್ಬು ಹೊತ್ತಿಕೊಳ್ಳುತ್ತದೆ. ಬೆಸುಗೆ ಕಡ್ಡಿ ಇನ್ನೂ ಕಾದಿಲ್ಲ, ಆಗಲೇ ಏದುಸಿರು ಬಿಡುತ್ತ ಒಬ್ಬ ನರ್ಸ್ ಹಾಜರ್. "ಅಕ್ಕಾ, ಆರು ಹತ್ತರ ಗಾಡಿ. ಒಂದೇ ಕಡೆ ಕೇಳ್ತಿದೆ, ಬೇಗ ನೋಡಿ."

ಮೇಜಿನ ಹಿಂದಿನ ಹೆಂಗಸು ಇಯರ್‌ಫೋನ್ ಇಸಿದುಕೊಂಡು, ಪಿನ್ನಿನ ಬುಡವನ್ನು ಹೆಬ್ಬೆರಳಲ್ಲಿ ಒಮ್ಮೆ ಬಾಗಿಸಿ, ಅಲ್ಲೇ ಕತ್ತರಿಸುತ್ತಾರೆ. ಕೂದಲೆಳೆಯಂಥ ಮೂರು ತಂತಿ: ಕೆಂಪು ಬಲಕ್ಕೆ, ಹಸಿರು ಎಡಕ್ಕೆ, ತಾಮ್ರದ ಬಣ್ಣದ್ದು ಎರಡಕ್ಕೂ. ಕಡ್ಡಿ ತಾಗಿಸಿದರೆ ಸಣ್ಣ ಹೊಗೆ, ಹೊಸ ಪಿನ್ನು, ಎಂಟು ನಿಮಿಷದ ಕೆಲಸ. ತಂತಿ ಪರೀಕ್ಷಿಸುವ ಮೀಟರಿನ ಮುಳ್ಳು ಎರಡು ಸಲ ಅಲ್ಲಾಡುವುದನ್ನು ಕಣ್ಣು ಕಿರಿದಾಗಿಸಿ ನೋಡಿದ ಮೇಲೆ ನರ್ಸ್ ಕೈಗಿಡುತ್ತಾರೆ. "ನೀವೇ ಹಾಕ್ಕೊಂಡು ಹೇಳಿ. ನನ್ನ ಕಿವಿ ನಂಬಬೇಡಿ."

ನರ್ಸ್ ನಗುತ್ತಾಳೆ, ತಮಾಷೆಯೆಂದುಕೊಂಡು. ಅದು ತಮಾಷೆಯಲ್ಲ.

ಈ ನಿಲ್ದಾಣದಲ್ಲಿ ಇಳಿದು ಹತ್ತುವವರಿಗೆಲ್ಲ ಅವರು 'ವೈರಕ್ಕ'. ವಯಸ್ಸು ಐವತ್ತೊಂದು. ಹಿಂದೆ ರೇಡಿಯೊ ಕಾರ್ಖಾನೆಯಲ್ಲಿ ಒಂಬತ್ತು ವರ್ಷ ಬೆಸುಗೆ ಹಾಕಿದ ಕೈ. ಒಂದು ದಿನ ಕೆಲಸಕ್ಕೆ ಹೋದರೆ ಗೇಟಿಗೆ ಬೀಗ. ನೂರನಲವತ್ತು ಹೆಂಗಸರು ಬೀದಿಯಲ್ಲಿ ನಿಂತರು. ಕೆಲವರು ಮನೆಗೆಲಸಕ್ಕೆ ಹೋದರು, ಇವರು ಮೆಟ್ಟಿಲ ಕೆಳಗೆ ಬಂದು ಕೂತರು. ಅದಾಗಿ ಇಪ್ಪತ್ತೆರಡು ವರ್ಷ. ದಿನಕ್ಕೆ ಇಪ್ಪತ್ತರಿಂದ ಇಪ್ಪತ್ತೈದು ಜೊತೆ ಇಯರ್‌ಫೋನ್ ಕೈದಾಟುತ್ತವೆ, ಸೋಮವಾರ ನಲವತ್ತು. ನಾಯಿ ಕಚ್ಚಿದ್ದು, ಬಟ್ಟೆಯ ಜೊತೆ ಒಗೆದದ್ದು, ಗಂಡ ಹೆಂಡತಿ ಜಗಳದಲ್ಲಿ ಎಳೆದಾಡಿ ಎರಡಾದದ್ದು, ಎಲ್ಲವನ್ನೂ ಕಂಡಿದ್ದಾರೆ.

ವೈರ್ ಇಲ್ಲದವನ್ನು ಕಂಡರೆ ಮಾತ್ರ ಮುಖ ಸಿಂಡರಿಸುತ್ತಾರೆ. "ಹೊಲಿಗೆನೇ ಇಲ್ಲದ ಅಂಗಿ ಇದ್ದ ಹಾಗೆ ಅವು. ಎಲ್ಲಿಂದ ಬಿಚ್ಚಲಿ? ಅಂಟು ಹಾಕಿ ಮುಚ್ಚಿರ್ತಾರೆ, ಒಳಗೆ ಬ್ಯಾಟರಿ ಸತ್ತರೆ ಅಲ್ಲಿಗೆ ಮುಗೀತು. ವೈರಿದ್ದರೆ ಸಿಕ್ಕಾದರೂ ಆಗುತ್ತೆ, ಬಿಡಿಸಬಹುದು." ಹಾಗೆಂದು ಬಂದವರನ್ನು ವಾಪಸು ಕಳಿಸುವುದಿಲ್ಲ. ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿ ಹಿಡಿದು, ಅಂಟು ಮೆತ್ತಗಾಗುವವರೆಗೆ ಕಾದು, ಸೂಜಿಯಿಂದ ಬಿಚ್ಚುತ್ತಾರೆ. ಹತ್ತರಲ್ಲಿ ಮೂರು ಬದುಕುತ್ತವೆ.

ಒಂದು ಕಾಲಕ್ಕೆ ಮೀಟರು ಧೂಳು ತಿನ್ನುತ್ತ ಬಿದ್ದಿತ್ತು. ರಿಪೇರಿ ಮುಗಿದ ಮೇಲೆ ಇಯರ್‌ಫೋನನ್ನು ತಾವೇ ಎರಡೂ ಕಿವಿಗೆ ಸಿಕ್ಕಿಸಿ, ರೈಲಿನ ಸದ್ದು ಮೀರುವಂತೆ ಫೋನಿನ ಧ್ವನಿ ಪೂರ್ತಿ ಏರಿಸಿ, ತೀರ್ಪು ಕೊಡುತ್ತಿದ್ದರು. "ನನ್ನ ಕಿವಿಗಿಂತ ಮೀಟರು ಬೇಕಾ ಅಂತಿದ್ದೆ. ಅಷ್ಟು ಸೊಕ್ಕಿತ್ತು."

ಆ ಸೊಕ್ಕು ಮುರಿದದ್ದು ಎಂಟು ತಿಂಗಳ ಹಿಂದೆ. ಆಸ್ಪತ್ರೆಯ ಟೆಲಿಫೋನ್ ಆಪರೇಟರ್, ಹುಟ್ಟಿನಿಂದ ಕಣ್ಣಿಲ್ಲದ ನಲವತ್ತರ ಗಂಡಸು, ಕೆಲಸದ ಹೆಡ್‌ಫೋನ್ ತಂದಿದ್ದರು. ಎಡಗಡೆ ಕೇಳುತ್ತಿಲ್ಲ ಎಂಬ ದೂರು. ವೈರಕ್ಕ ಬೆಸೆದು, ಹಾಕಿಕೊಂಡು ನೋಡಿದರು. ಸದ್ದಿಲ್ಲ. ಬಿಚ್ಚಿ ಮತ್ತೆ ಬೆಸೆದರು. ಇಲ್ಲ. ಮೂರನೇ ಸಲವೂ ಇಲ್ಲ. "ಎಡಗಡೆ ಸತ್ತಿದೆ ಅಣ್ಣಾ, ಹೊಸದು ತಗೊಳ್ಳಿ" ಎಂದು ಕೈಗಿಟ್ಟರು.

ಅವರು ಹಾಕಿಕೊಂಡರು. ತಲೆ ಓರೆ ಮಾಡಿದರು. "ಅಕ್ಕಾ, ಎರಡೂ ಕಡೆ ಗಂಟೆ ಹೊಡೆದ ಹಾಗೆ ಕೇಳ್ತಿದೆಯಲ್ಲ!"

"ಸುಮ್ಮನಿರಿ, ನನ್ನನ್ನ ಆಡಿಸಬೇಡಿ."

"ನಾನು ಕಿವಿಯಲ್ಲೇ ಅನ್ನ ತಿನ್ನೋನು ಅಕ್ಕಾ. ಇದರಲ್ಲಿ ಆಟ ಆಡ್ತೀನಾ? ತಿರುಗಿಸಿ ಹಾಕ್ಕೊಳ್ಳಿ ನೋಡೋಣ."

ವೈರಕ್ಕ ಹೆಡ್‌ಫೋನನ್ನು ಹಿಂದುಮುಂದು ಮಾಡಿ ಹಾಕಿಕೊಂಡರು. ಸತ್ತಿದೆ ಎಂದಿದ್ದ ಎಡಗಡೆಯದು ಬಲಗಿವಿಯಲ್ಲಿ ಹಾಡುತ್ತಿತ್ತು. ಇಷ್ಟು ಹೊತ್ತು ಚೆನ್ನಾಗಿದ್ದ ಬಲಗಡೆಯದು ಎಡಗಿವಿಗೆ ಬಂದೊಡನೆ ಕಲ್ಲಾಯಿತು. ಮತ್ತೆ ತಿರುಗಿಸಿದರು. ಮತ್ತೆ. ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು. ಬೆಸುಗೆ ಕಡ್ಡಿ ಉರುಳಿ ಸೆರಗು ಸುಟ್ಟದ್ದು ಗೊತ್ತಾಗಲಿಲ್ಲ. ವಾಸನೆ ಹಿಡಿದು ಹೇಳಿದ್ದು ಆಪರೇಟರೇ.

ಮನೆಯಲ್ಲಿ ಹೊಲಿಗೆ ಕೆಲಸದ ಮಗಳಿಗೆ ವಿಷಯ ತಿಳಿಸಿದರೆ ಇನ್ನೊಂದು ಪೆಟ್ಟು. "ಅಮ್ಮಾ, ನೀನು ಫೋನನ್ನ ಬಲಗಿವಿಗೇ ಹಿಡಿಯೋಕೆ ಶುರು ಮಾಡಿ ವರ್ಷವೇ ಆಯ್ತು. ನಿನಗೆ ಗೊತ್ತಿಲ್ವಾ?" ಗೊತ್ತಿರಲಿಲ್ಲ. ಕಿವಿ ಪರೀಕ್ಷಿಸಿದ ವೈದ್ಯೆ, ಎಡಗಿವಿ ಸ್ವಲ್ಪ ಸ್ವಲ್ಪವಾಗಿ ಮುಕ್ಕಾಲು ಪಾಲು ಹೋಗಿದೆ, ಮೆಲ್ಲಗೆ ಹಾಡುವವು ಮೊದಲು ಕೇಳದಾಗಿವೆ, ಹೋದದ್ದು ತಿರುಗಿ ಬರುವುದಿಲ್ಲ ಎಂದರು. ಕೂರುವ ಜಾಗ ಹೇಗಿದೆ ಎಂದು ಕೇಳಿದರು. ಮೆಟ್ಟಿಲ ಕೆಳಗೆ, ಎಡ ಹೆಗಲಿನಿಂದ ಎರಡಡಿ ಮೇಲೆ, ಗಾಡಿಗಳ ಹೆಸರು ಕೂಗುವ ಧ್ವನಿವರ್ಧಕ. ಇಪ್ಪತ್ತೆರಡು ವರ್ಷದಿಂದ ಅಲ್ಲೇ ಇದೆ. ಅದರ ಮೇಲೆ ದಿನವಿಡೀ ಪೂರ್ತಿ ಏರಿಸಿದ ಫೋನಿನ ಸದ್ದು. "ಅದನ್ನ ಒಂದು ಸಲವೂ ತಲೆ ಎತ್ತಿ ನೋಡಿರಲಿಲ್ಲ ನಾನು" ಎನ್ನುವಾಗ ಅವರ ಕಣ್ಣಲ್ಲಿ ಇವತ್ತಿಗೂ ಗಾಬರಿ.

ಆದರೆ ದೊಡ್ಡ ಪೆಟ್ಟು ಬಿದ್ದದ್ದು ಆಮೇಲಿನ ಭಾನುವಾರ. 'ಸತ್ತಿದೆ' ಎನಿಸಿಕೊಂಡು ಗಿರಾಕಿಗಳು ಅಲ್ಲೇ ಬಿಟ್ಟುಹೋದ ಇಯರ್‌ಫೋನ್‌ಗಳ ಒಂದು ಡಬ್ಬಿಯಿತ್ತು. ಅದನ್ನು ಮನೆಗೆ ತಂದು ಸುರಿದರು. ಮಗಳು ಒಂದೊಂದಾಗಿ ಹಾಕಿಕೊಂಡು ಕೇಳಿದಳು. ಅರವತ್ಮೂರರಲ್ಲಿ ಮೂವತ್ತೆಂಟು ಚೆನ್ನಾಗಿ ಹಾಡುತ್ತಿದ್ದವು. ಪ್ರತಿ ಸಲ ಮಗಳು "ಇದೂ ಕೇಳ್ತಿದೆ" ಎಂದಾಗ ತಾಯಿ ಒಂದಂಗುಲ ಕುಗ್ಗಿದರು.

ಮರುದಿನ ಅಂಗಡಿಯ ಮುಂದೆ ರಟ್ಟಿನ ಫಲಕ ಬಂತು: 'ಕಳೆದ ವರ್ಷದಿಂದೀಚೆಗೆ ಎಡಗಡೆ ಸತ್ತಿದೆ ಎಂದು ನಾನು ಹೇಳಿ ಕಳಿಸಿದವರು ದಯವಿಟ್ಟು ಬನ್ನಿ. ತಪ್ಪು ನನ್ನ ಕಿವಿಯದು.' ಮಗಳು ತಲೆ ಚಚ್ಚಿಕೊಂಡಳು. "ಯಾರಾದ್ರೂ ತಮ್ಮ ಅಂಗಡಿ ಮುಂದೆ ಹೀಗೆ ಬರ್ಕೋತಾರಾ ಅಮ್ಮಾ?"

ಇಪ್ಪತ್ತೊಂದು ಜನ ಬಂದರು. ಹೆಚ್ಚಿನವರು ನಕ್ಕು, ತಮ್ಮದನ್ನು ಹುಡುಕಿ ತೆಗೆದುಕೊಂಡು ಹೋದರು. ಒಬ್ಬಾತ ಜನ ಸೇರುವಂತೆ ಬೈದ. ಕೊನೆಗೆ ಬಂದವಳು ಮೂವತ್ತರ ಆಸುಪಾಸಿನ ಗುಮಾಸ್ತೆ. ಡಬ್ಬಿಯತ್ತ ನೋಡಲೇ ಇಲ್ಲ. "ನಂದು ಇದರಲ್ಲಿಲ್ಲ. ಅಪ್ಪ ಕೊನೆ ತಿಂಗಳು ಆಸ್ಪತ್ರೆಯಲ್ಲಿ ಹಾಕ್ಕೊಂಡಿದ್ದ ಹೆಡ್‌ಫೋನ್ ಅದು. ನೀವು ಸತ್ತಿದೆ ಅಂದ್ರಿ. ಮನೆಗೆ ಹೋಗಿ ಕಸಕ್ಕೆ ಹಾಕ್ದೆ."

ವೈರಕ್ಕ ಮೇಜಿನ ಹಿಂದಿನಿಂದ ಎದ್ದರು. ಈಚೆ ಬರುವಷ್ಟರಲ್ಲಿ ಆಕೆ ಮೆಟ್ಟಿಲು ಹತ್ತಿಯಾಗಿತ್ತು.

ಈಗ ಗೂಡು ಅದೇ ಮೆಟ್ಟಿಲ ಕೆಳಗೆ, ಧ್ವನಿವರ್ಧಕದಿಂದ ದೂರ, ಆಚೆ ತುದಿಯ ಕಂಬದ ಪಕ್ಕಕ್ಕೆ ಹೋಗಿದೆ. ಎಡಗಿವಿಯಲ್ಲಿ ಶ್ರವಣಯಂತ್ರ ಬಂದಿದೆ. ಅದಕ್ಕೂ ವೈರಿಲ್ಲ. "ನೋಡಿ ನನ್ನ ಹಣೆಬರಹ!" ಎಂದು ಅವರೇ ತೋರಿಸಿ ನಗುತ್ತಾರೆ. ರಿಪೇರಿ ಮಾಡಿಸಿಕೊಂಡವರ ಫೋನನ್ನು ಹಕ್ಕಿನಿಂದ ಇಸಿದುಕೊಂಡು ಧ್ವನಿ ಇಳಿಸುತ್ತಾರೆ. ಕೆಲವರು ಸಿಡುಕುತ್ತಾರೆ, ಕೆಲವರು ನಾಲ್ಕು ಹೆಜ್ಜೆ ಹೋಗಿ ಮತ್ತೆ ಏರಿಸಿಕೊಳ್ಳುತ್ತಾರೆ.

ಆರು ಹತ್ತರ ಗಾಡಿ ಹೊರಟಿದೆ. ಏನಾದರೂ ಆಸೆ ಉಂಟೇ ಎಂದರೆ ವೈರಕ್ಕ ಮೆಟ್ಟಿಲ ಕಡೆ ಕೈ ತೋರಿಸುತ್ತಾರೆ.

"ಆ ಗುಮಾಸ್ತೆ ಹುಡುಗಿ ದಿನಾ ಈ ಮೆಟ್ಟಿಲೇ ಹತ್ತಿ ಹೋಗ್ತಾಳೆ. ನನ್ನ ಕಡೆ ತಿರುಗಲ್ಲ, ಅದು ಸರಿನೇ. ಒಂದು ಸಲ ನಿಂತ್ಕೊಂಡ್ರೆ ಸಾಕು. ಹೆಡ್‌ಫೋನೇ ಆಗಬೇಕು ಅಂತಿಲ್ಲ. ಕೆಟ್ಟ ಟಾರ್ಚೋ, ಗಡಿಯಾರವೋ, ಏನಾದ್ರೂ ಒಂದು ನನ್ನ ಕೈಗೆ ಕೊಟ್ಟು, ಇದನ್ನ ಸರಿ ಮಾಡಿ ಅನ್ನಬೇಕು."