ಒಂದು ಗಂಗಳ, ಒಂದು ಚೊಂಬು

"ಅಕ್ಕ, ಅವನಿಗೆ ಹೇಳಿ, ಬಾಗಿಲು ಚಿಲಕ ಹಾಕೋಕೆ."

"ಅವನು" ಎಂದರೆ ಎಲ್ಲೋ ದೂರದಲ್ಲಿದ್ದವನಲ್ಲ. ಹೇಳಿದವನ ಪಕ್ಕದಲ್ಲೇ, ಅದೇ ಮೆಟ್ಟಿಲ ಮೇಲೆ ಕೂತು ಶೂ ಲೇಸು ಕಟ್ಟಿಕೊಳ್ಳುತ್ತಿದ್ದ. ನಾನು ಅಂಗಳದಲ್ಲಿ ರಂಗೋಲಿ ಬಿಡುತ್ತಿದ್ದೆ. ತಲೆಯೆತ್ತಿ ಅವನಿಗೆ ಹೇಳಿದೆ: ಚಿಲಕ ಹಾಕಬೇಕಂತಪ್ಪ. ಅವನು ನನ್ನನ್ನೇ ನೋಡುತ್ತಾ ಅಂದ, "ಹಾಕಿದೀನಿ ಅಂತ ಹೇಳಿ ಅಕ್ಕ."

ಹೇಳಿದೆ. ಇಬ್ಬರೂ ಒಂದೇ ಗೇಟು ದಾಟಿ ಒಂದೇ ಫ್ಯಾಕ್ಟರಿಗೆ ಹೊರಟರು. ರಸ್ತೆಯ ಆ ಬದಿಗೆ ಒಬ್ಬ, ಈ ಬದಿಗೆ ಒಬ್ಬ.

ರಾಯಭಾರಿ ಕೆಲಸಕ್ಕೆ ದೆಹಲಿಯಲ್ಲಿ ಬಂಗಲೆ, ಕಾರು, ಅಡಿಗೆಯವನು ಎಲ್ಲ ಕೊಡುತ್ತಾರಂತೆ. ನಾನು ಟಿ. ದಾಸರಹಳ್ಳಿಯಲ್ಲಿ ರಂಗೋಲಿ ಬಟ್ಟಲು ಹಿಡಿದುಕೊಂಡು ಅದೇ ಕೆಲಸವನ್ನು ಪುಕ್ಕಟೆ ಮಾಡುತ್ತಿದ್ದೆ.

ನಮ್ಮ ಮಹಡಿ ಕೋಣೆಗೆ ಹೊಸಬರು ಬಂದ ವಿಷಯ ಹಿಂದೊಮ್ಮೆ ಬರೆದಿದ್ದೆ. ನೆನಪಿದೆಯಾ? (ಇಲ್ಲದಿದ್ದರೆ ಬೇಜಾರಿಲ್ಲ. ಹೋದ ವಾರ ಏನು ಬರೆದೆ ಎಂದು ನನಗೇ ನೆನಪಿರುವುದಿಲ್ಲ.) ಇಬ್ಬರೂ ಆಫ್ರಿಕಾದವರು. ದೇಶದ ಹೆಸರು ಬೇಡ. ಈಗಷ್ಟೇ ಹಳೆಯ ಬಾವುಟ ಇಳಿಸಿ ಹೊಸದು ಏರಿಸಿದ ದೇಶ ಅದು. ನಮ್ಮ ಸರ್ಕಾರ ಅವರಿಗೆ ಒಂದು ಪುಟ್ಟ ವರ್ಕ್‌ಶಾಪನ್ನೇ ಕೊಡುಗೆಯಾಗಿ ಕಳಿಸುತ್ತಿದೆ. ಲೇತು, ಡ್ರಿಲ್ಲಿಂಗ್ ಮಿಷನ್ನು, ಇನ್ನೂ ಏನೇನೋ. ಎಲ್ಲ ತಯಾರಾಗುತ್ತಿರುವುದು ಪೀಣ್ಯದಲ್ಲಿ, ನಮ್ಮ ಯಜಮಾನರು ಫೋರ್‌ಮನ್ ಆಗಿರುವ ಫ್ಯಾಕ್ಟರಿಯಲ್ಲಿ. ಅವನ್ನು ಓಡಿಸಲು ಕಲಿಯುವುದಕ್ಕೆ ಇಬ್ಬರು ಬಂದಿದ್ದರು.

ಒಬ್ಬ ಜೋಸೆಫ್. ಬಿಳಿಯರ ಆಳ್ವಿಕೆಯಲ್ಲಿ ರೈಲ್ವೆ ಕಾರ್ಖಾನೆಯಲ್ಲಿದ್ದವನು. ಇನ್ನೊಬ್ಬ ತೆಂಡೈ. ಅದೇ ಆಳ್ವಿಕೆಯ ವಿರುದ್ಧ ಬಂದೂಕು ಹಿಡಿದು ಕಾಡು ಸೇರಿದ್ದವನು. ಯುದ್ಧ ಮುಗಿಯಿತು. ಆ ಕಡೆಯವರೂ ಈ ಕಡೆಯವರೂ ಜೊತೆಗೂಡಿ ದೇಶ ಕಟ್ಟಬೇಕು ಎಂದು ಹೊಸ ಸರ್ಕಾರ ಹೇಳಿತು. ಹಾಗಾಗಿ ಆ ಕಡೆಯಿಂದ ಒಬ್ಬ, ಈ ಕಡೆಯಿಂದ ಒಬ್ಬ. ಊರು ಒಂದೇ, ಭಾಷೆ ಒಂದೇ. ಪೇಪರಿನಲ್ಲಿ ಓದಲು ಎಷ್ಟು ಚೆಂದ. ಆದರೆ ನಮ್ಮ ಮಹಡಿಯಲ್ಲಿರುವ ಕೋಣೆಯೂ ಒಂದೇ ಅಲ್ಲವೇ?

ಆ ಒಂದೇ ಕೋಣೆಯಲ್ಲಿ ಎರಡು ಸೀಮೆಎಣ್ಣೆ ಸ್ಟವ್. ಎರಡು ಬಕೆಟ್. ಬಟ್ಟೆ ಒಣಗಿಸುವ ಹಗ್ಗದ ನಡುವೆ ಒಂದು ಗಂಟು. ಗಂಟಿನಾಚೆ ಅವನದು, ಈಚೆ ಇವನದು. ನನ್ನ ಹತ್ತಿರ ಇಬ್ಬರೂ ಬೆಣ್ಣೆಯ ಹಾಗೆ ಮಾತಾಡುತ್ತಿದ್ದರು. ಫ್ಯಾಕ್ಟರಿಯ ಹುಡುಗರಿಂದ ಕಲಿತ ಕನ್ನಡ ಬೇರೆ. "ಸಕ್ಕತ್ತಾಗಿದೆ ಅಕ್ಕ" ಅಂತ ಒಬ್ಬ ಸಾರು ಹೊಗಳಿದರೆ, ಇನ್ನೊಬ್ಬ ಅದನ್ನು ಕೇಳಿಸಿಕೊಂಡು ಉಪ್ಪು ಜಾಸ್ತಿ ಅನ್ನುತ್ತಿದ್ದ. ಒಬ್ಬರಿಗೊಬ್ಬರು ಮಾತ್ರ ತುಟಿ ಬಿಚ್ಚುತ್ತಿರಲಿಲ್ಲ.

ನಾನು ಬಲು ಹುಷಾರಿ. ಸಾರು ಕಳಿಸಿದರೆ ಎರಡು ಡಬ್ಬಿ. ಚಕ್ಕುಲಿ ಕಳಿಸಿದರೆ ಮುರಿದದ್ದನ್ನೂ ಸಮ ಮಾಡಿ ಎರಡು ಪಾಲು.

ಯಜಮಾನರು ಸಂಜೆ ಬಂದು ಕಾಫಿಯನ್ನು ಲೋಟದಲ್ಲೇ ಆರಲು ಬಿಡುತ್ತಿದ್ದರು. ಆ ಲೇತಿನ ಹಾಸುಗಲ್ಲಿನಂಥ ಬೆಡ್ಡನ್ನು ಸವರಿ ಸವರಿ ತಿದ್ದಿದವರು ಅವರು. ಅವರಿಗಿದ್ದ ಚಿಂತೆ ಒಂದೇ. ದೆಹಲಿಯಲ್ಲಿರುವ ಆ ದೇಶದ ರಾಯಭಾರ ಕಚೇರಿಯಿಂದ ಅಧಿಕಾರಿಯೊಬ್ಬ ಬಂದು ನೋಡುತ್ತಾನೆ. ಇಬ್ಬರೂ ಹೊಂದಿ ಕೆಲಸ ಮಾಡುತ್ತಾರೆ ಅನ್ನಿಸಿದರೆ ಮಿಷನ್ನುಗಳು ಇವರ ಊರಿಗೆ. ಇಲ್ಲದಿದ್ದರೆ ಬೇರೆ ಊರಿಗೆ, ಇವರಿಬ್ಬರೂ ದಿಕ್ಕಿಗೊಬ್ಬರು. ಇವರ ಊರಿನಲ್ಲೋ, ನೇಗಿಲ ಕುಳ ಮುರಿದರೂ ತಿದ್ದುವವರಿಲ್ಲವಂತೆ. ಇಬ್ಬರಿಗೂ ಇದು ಗೊತ್ತು. ಇಬ್ಬರೂ ಪ್ರತ್ಯೇಕವಾಗಿ ನನ್ನ ಬಳಿ ಹೇಳಿಕೊಂಡು ಕಣ್ಣು ತುಂಬಿಕೊಂಡಿದ್ದರು.

"ಒಬ್ಬ ಓಡಿಸಿದ ಲೇತಿಗೆ ಇನ್ನೊಬ್ಬ ಎಣ್ಣೆ ಬಿಡಲ್ಲ ಕಣೇ. ಏನಂತ ತೋರಿಸ್ಲಿ ಆ ಆಫೀಸರಿಗೆ?" ಎಂದರು ಯಜಮಾನರು.

ಹೋದ ತಿಂಗಳು ಒಂದು ಸಂಜೆ. ನಾನು ಯಶವಂತಪುರದ ಮಾರ್ಕೆಟ್ಟಿಗೆ ಹೋಗಿದ್ದೆ. ಬಸ್ಸಿಳಿದಾಗ ಆ ಹೊತ್ತಿನ ದಾಸರಹಳ್ಳಿ ಎಂದಿನಂತೆ ಅರೆನಿದ್ದೆಯಲ್ಲಿತ್ತು. ಪೀಣ್ಯದ ಶೆಡ್ಡುಗಳಲ್ಲಿ ಒಂದೊಂದೇ ದೀಪ ಹತ್ತಿಕೊಳ್ಳುತ್ತಿತ್ತು. ನೀಲಗಿರಿ ಮರಗಳ ಮೇಲೆ ಅಡಿಗೆ ಹೊಗೆ ತೆಳ್ಳಗೆ ಮಲಗಿತ್ತು. ನಮ್ಮತ್ತೆಯ ರಾಗಿ ಹೊಲ ಇದ್ದ ಕಡೆ ಈಗ ಬೋಲ್ಟು ನಟ್ಟು ಬೆಳೆಯುತ್ತದೆ. ಆದರೂ ಆ ಗಾಳಿಯಲ್ಲಿ ನಡೆದು ಬರುವಾಗ ತೆನೆಯ ವಾಸನೆ ಮೂಗಿಗೆ ಸೋಕುತ್ತದೆ. ಇಲ್ಲದ ಹೊಲದ ವಾಸನೆ ಎಲ್ಲಿಂದ ಬರುತ್ತದೋ, ಬಲ್ಲವರು ಹೇಳಬೇಕು.

ಮನೆಗೆ ಬಂದರೆ ಡಬ್ಬಿಗಳೆರಡೂ ಬಚ್ಚಲಲ್ಲಿ ತೊಳೆಯದೆ ಬಿದ್ದಿದ್ದವು. ಮಹಡಿಯವರಿಗೆ ಊಟ ಕೊಡಲಿಲ್ಲವಾ ಎಂದು ಅತ್ತೆಯನ್ನು ಕೇಳಿದೆ.

"ಕೊಟ್ನಲ್ಲ. ಗಂಗಳದಾಗೆ ಎಲ್ಡು ಮುದ್ದೆ ಇಟ್ಟು, ಮಧ್ಯಕ್ಕೆ ಉಪ್ಸಾರು ಬುಟ್ಟು, ಬಾಗ್ಲತಾವ ಮಡಗಿ ಬಂದೆ. ಒಂದೇ ಊರೋರಂತಲ್ಲ."

ಗಂಗಳ ನಿಮಗೆ ಗೊತ್ತಿರಬೇಕು. ಅಂಚು ಎತ್ತರವಿರುವ ಹಳೆಯ ಕಂಚಿನ ಅಗಲ ತಟ್ಟೆ. ತಿಂಗಳುಗಟ್ಟಲೆ ಸಮಸಮ ಅಳೆದು ಕಾಪಾಡಿದ ಶಾಂತಿ ಒಂದೇ ಗಂಗಳದಲ್ಲಿ ಮುಳುಗಿತಲ್ಲ. ಓಡಿ ಹೋಗಿ ಮೆಟ್ಟಿಲ ಕೆಳಗೆ ನಿಂತೆ.

ಮೇಲೆ ಸದ್ದಿಲ್ಲ. ಅಷ್ಟರಲ್ಲಿ ಕರೆಂಟು ಹೋಗಿತ್ತು. ಬಾಗಿಲ ಸಂದಿಯಲ್ಲಿ ಲಾಂದ್ರದ ಬೆಳಕು ಹಳದಿ ದಾರದಂತೆ ಕಾಣುತ್ತಿತ್ತು.

ಆಮೇಲೆ ಒಂದು ದನಿ. ಸ್ವಲ್ಪ ಬಿಟ್ಟು ಇನ್ನೊಂದು. ಅವರ ಭಾಷೆಯನ್ನು ನಾನು ಕೇಳಿದ್ದು ಅದೇ ಮೊದಲು. ಅರ್ಥವಾಗಲಿಲ್ಲ, ಆದರೂ ಅಲ್ಲಿಂದ ಕದಲಲು ಮನಸ್ಸಾಗಲಿಲ್ಲ. ದೂರದ ಹೊಳೆಯೊಂದು ನಮ್ಮ ಮಹಡಿಯ ಮೇಲೆ ಹರಿಯುತ್ತಿರುವ ಹಾಗಿತ್ತು. ನಡುವೆ ಟಿನ್ ಡಬ್ಬ ಬಡಿದ ಶಬ್ದ. ಜಗಳವಾಯಿತು ಅಂದುಕೊಂಡೆ.

ಬಾಗಿಲು ತೆರೆಯಿತು. ತೆಂಡೈ ಇಳಿದು ಬಂದ. "ಅಕ್ಕ, ಚೊಂಬಲ್ಲಿ ನೀರು ಕೊಡಿ. ಅವರು ದೊಡ್ಡೋರು."

ನಾನು ನೀರು ತುಂಬುವಷ್ಟರಲ್ಲಿ ನಿಂತಲ್ಲೇ ವಿವರಿಸಿದ. ಅವರ ಕಡೆಯೂ ನಮ್ಮ ಮುದ್ದೆಯಂಥದ್ದೇ ಊಟ, ಜೋಳದ್ದು. ಮನೆಯವರೆಲ್ಲ ಒಂದೇ ತಟ್ಟೆಯ ಸುತ್ತ ಕೂರುತ್ತಾರೆ. ಕಿರಿಯವನು ಹಿರಿಯನ ಕೈಗೆ ನೀರು ಬಿಡಬೇಕು, ಹಿರಿಯ ಮೊದಲ ತುತ್ತು ಮುರಿಯಬೇಕು. ಅದಾಗದೆ ತಟ್ಟೆ ಮುಟ್ಟುವ ಹಾಗಿಲ್ಲ. ಗಂಗಳ ಮುಂದಿದೆ, ಮುದ್ದೆ ಆರುತ್ತಿದೆ, ಹಸಿವು ಬೇರೆ. ಹಿರಿಯ ಯಾರು? ಕೇಳಲೇಬೇಕಾಯಿತು. ತೆಂಡೈಗೆ ಹುಟ್ಟಿದ ವರ್ಷ ಗೊತ್ತಿಲ್ಲ. ಊರಿಗೆ ಮಿಡತೆ ಹಿಂಡು ಬಂದ ವರ್ಷ ಅಂತ ಅವನಮ್ಮ ಹೇಳುತ್ತಿದ್ದಳಂತೆ. ಜೋಸೆಫ್ ಎದ್ದು ಹೋಗಿ ಸೀಮೆಎಣ್ಣೆ ಡಬ್ಬ ತಂದು ಬಡಿದು ತೋರಿಸಿದನಂತೆ: ಆ ಮಿಡತೆಗಳನ್ನು ಹೀಗೆ ಡಬ್ಬ ಬಡಿದು ಓಡಿಸಿದ್ದೇ ನಾನು.

ತೆಂಡೈ ಚೊಂಬು ಹಿಡಿದು ಮೇಲೆ ಹೋದ. ಕಾಡಿನಲ್ಲಿ ಬಂದೂಕು ಹಿಡಿದಿದ್ದ ಕೈ. ನೀರು ಬೀಳುವ ಸದ್ದು ಕೆಳಗಿನವರೆಗೂ ಕೇಳಿಸಿತು.

ಅಲ್ಲಿಂದಾಚೆಗೆ ಎಲ್ಲ ಸುಖವಾಯಿತು ಅಂದುಕೊಳ್ಳಬೇಡಿ. ಹಗ್ಗದ ಗಂಟು ಹಾಗೇ ಇತ್ತು. ಹಗಲೆಲ್ಲ ಮೌನ, ರಾತ್ರಿ ಊಟಕ್ಕೆ ಮಾತ್ರ ಗಂಗಳ.

ಹೋದ ವಾರ ಅಧಿಕಾರಿ ಬಂದ. ಟೈ ಕಟ್ಟಿದ ತೆಳ್ಳನೆ ಮನುಷ್ಯ. ಯುದ್ಧದ ಕಾಲವನ್ನೆಲ್ಲ ಪರದೇಶದಲ್ಲಿ ಓದುತ್ತಾ ಕಳೆದವನಂತೆ. ಫ್ಯಾಕ್ಟರಿ ನೋಡಿ ಮಧ್ಯಾಹ್ನ ನಮ್ಮ ಮನೆಗೂ ಬಂದ. ಮಹಡಿಯ ಎರಡು ಸ್ಟವ್ ನೋಡಿದ. ಗಂಟನ್ನೂ ನೋಡಿದ. ಕೆಳಗಿಳಿದು ಇವರಿಬ್ಬರನ್ನೂ ನಿಲ್ಲಿಸಿ ಇಂಗ್ಲಿಷಿನಲ್ಲಿ ಕೇಳಿದ, ನೀವಿಬ್ಬರೂ ಹೊಂದಿಕೊಂಡಿದ್ದೀರಾ ಅಂತ. ಇಬ್ಬರೂ ನೆಲ ನೋಡಿದರು. ಹೌದು ಅಂದರೆ ಸುಳ್ಳಾಗುತ್ತದೆ. ಇಲ್ಲ ಅಂದರೆ ಊರೇ ಹೋಗುತ್ತದೆ. ಯಜಮಾನರು ಗೋಡೆ ಗಡಿಯಾರ ನೋಡುತ್ತಾ ನಿಂತರು.

ಅತ್ತೆ ಅಡಿಗೆಮನೆಯಿಂದ ಬಂದರು. ಉಣ್ಣುವ ಹೊತ್ತಿನಲ್ಲಿ ನಿಂತುಕೊಂಡು ಅದೇನು ಮಾತು ಎಂದು ಗೊಣಗುತ್ತಾ ಗಂಗಳ ತಂದು ನಡುಮನೆಯಲ್ಲಿಟ್ಟರು. ಮೂರು ಮುದ್ದೆ. ಪಕ್ಕದಲ್ಲಿ ಚೊಂಬು, ಬೇಸಿನ್ನು.

ಅಧಿಕಾರಿ ಗಂಗಳವನ್ನೇ ನೋಡುತ್ತಾ ನಿಂತ. ಎಷ್ಟು ಹೊತ್ತು ಅಂದರೆ, ಮುಖದ ಮೇಲಿನ ಆಫೀಸೆಲ್ಲ ಮೆಲ್ಲಗೆ ಇಳಿದುಹೋಯಿತು. ಮೂವರೂ ಚಾಪೆಯ ಮೇಲೆ ಕೂತರು. ಜೋಸೆಫ್ ತಮ್ಮ ಭಾಷೆಯಲ್ಲಿ ಏನೋ ಕೇಳಿದ. ಅಧಿಕಾರಿ ಸಣ್ಣ ದನಿಯಲ್ಲಿ ಉತ್ತರಿಸಿದ. ಜೋಸೆಫ್ ಮತ್ತು ತೆಂಡೈ ಮುಖ ಮುಖ ನೋಡಿಕೊಂಡು ಒಟ್ಟಿಗೇ ನಕ್ಕರು. ತೆಂಡೈ ಚೊಂಬನ್ನು ಅಧಿಕಾರಿಯ ಕಡೆ ಸರಿಸಿದ.

ಮೂವರಲ್ಲಿ ಆ ಅಧಿಕಾರಿಯೇ ಚಿಕ್ಕವನು.

ಕೈಗಡಿಯಾರ ಬಿಚ್ಚಿಟ್ಟ. ಟೈಯನ್ನು ಭುಜದ ಹಿಂದಕ್ಕೆ ಎಸೆದ. ಜೋಸೆಫ್ ಕೈಗೆ ನೀರು ಬಿಟ್ಟ, ಆಮೇಲೆ ತೆಂಡೈ ಕೈಗೆ. ಅವನ ಕೈಗೆ ಬಿಡುವವರು ಉಳಿಯಲಿಲ್ಲ. ಅತ್ತೆ ಸೊಂಟ ಹಿಡಿದುಕೊಂಡು ಬಗ್ಗಿ ಚೊಂಬು ತೆಗೆದುಕೊಂಡರು. ಅವನು ಗಾಬರಿಯಾಗಿ ಕೈ ಹಿಂದೆಳೆದುಕೊಂಡ. ದೊಡ್ಡವರು ಬಿಡಬಾರದಂತೆ ಅಂತ ನಾನು ಅತ್ತೆಗೆ ಹೇಳಿದೆ. (ನೋಡಿ, ಇಲ್ಲೂ ನಾನೇ ರಾಯಭಾರಿ.)

"ಮನೆಗ್ ಬಂದೋರ್ ಕೈಗೆ ನೀರ್ ಬುಡಕ್ಕೆ ವಯ್ಸೇನ್ ನೋಡದು? ಇಡಿಯಪ್ಪ ಕೈಯ" ಅಂದರು ಅತ್ತೆ.

ಹಿಡಿದ.

ಹೋಗುವಾಗ ಗೇಟಿನ ಬಳಿ ಯಜಮಾನರ ಕೈ ಕುಲುಕಿ, ಮಿಷನ್ನಿನ ಪೆಟ್ಟಿಗೆಗಳ ಮೇಲೆ ಇವರ ಊರಿನ ಹೆಸರನ್ನೇ ಬರೆಸಿ ಅಂದ.

ಈ ವಾರ ಅವರಿಬ್ಬರೇ ಲೇತಿಗೆ ಗ್ರೀಸ್ ಬಳಿದು, ಹುಲ್ಲು ತುಂಬಿ, ಪೆಟ್ಟಿಗೆಗೆ ಮೊಳೆ ಹೊಡೆದರು. ಕೆಲವೊಮ್ಮೆ ಮಧ್ಯಾಹ್ನ ಅಕ್ಕಿ ಆರಿಸುತ್ತಾ ನಾನು ಕಾಣದ ಆ ಊರನ್ನು ನೋಡುತ್ತೇನೆ. ಅಲ್ಲಿಯೂ ಕೆಂಪು ಮಣ್ಣಂತೆ. ತಗಡಿನ ಸೂರಿನ ಕೆಳಗೆ ನಮ್ಮ ಪೀಣ್ಯದ ಲೇತು ಗುಂಯ್ ಅನ್ನುತ್ತಿರುತ್ತದೆ. ಒಬ್ಬ ಓಡಿಸುತ್ತಾನೆ. ಇನ್ನೊಬ್ಬ ಎಣ್ಣೆ ಬಿಡುತ್ತಿರಬಹುದು.

ನಿನ್ನೆ ಪೆಟ್ಟಿಗೆಗಳು ಲಾರಿಗೇರುವ ಮೊದಲು ಅತ್ತೆಯನ್ನೂ ಫ್ಯಾಕ್ಟರಿಗೆ ಕರೆದುಕೊಂಡು ಹೋಗಿದ್ದೆ. ಪೆಟ್ಟಿಗೆಯ ಮೇಲೆ ಏನು ಬರೆದಿದೆ, ಓದು ಅಂದರು. ಮೇಲೆ ಮೊಳದುದ್ದದ ಅಕ್ಷರಗಳಲ್ಲಿ ಭಾರತ ಸರ್ಕಾರದ ಕೊಡುಗೆ ಅಂತಿದೆ, ಕೆಳಗೆ ಸಣ್ಣಗೆ ಆ ಊರಿನ ಹೆಸರು ಅಂದೆ. ಅತ್ತೆ ಆ ದೊಡ್ಡ ಅಕ್ಷರಗಳನ್ನು ಕೈಯಿಂದ ಸವರಿದರು. ಆಮೇಲೆ ಅವರು ಕೇಳಿದ್ದನ್ನು ಹಾಗೇ ನಿಮಗೆ ದಾಟಿಸುತ್ತೇನೆ.

"ಕೊಟ್ಟೋರ್ ಎಸ್ರು ಯಾಕವ್ವ ಅಷ್ಟ್ ದಪ್ಪ?"