ಎಲ್ಲರೂ ಹಾಜರು

ಹದಿನೇಳು ವರ್ಷದ ಮಕ್ಕಳನ್ನು ಹೆದರಿಸುವುದು ನನ್ನಿಂದಾಗದ ಕೆಲಸ ಎಂದು ಒಪ್ಪಿಕೊಂಡೇ ಶುರುಮಾಡುತ್ತೇನೆ. ಬೈದು ಹೆದರಿಸುವ ಮಾತಲ್ಲ. ಅದನ್ನು ಕೈಬಿಟ್ಟು ಬಹಳ ಕಾಲವಾಯಿತು. ಕಥೆ ಹೇಳಿ ಹೆದರಿಸಲು ಹೋಗಿ ಸೋತೆ.

ನಾನು ಶಿವಮೊಗ್ಗದ ದುರ್ಗಿಗುಡಿಯಿಂದ ದಿನಾ ಬಸ್ಸು ಹಿಡಿದು ಭದ್ರಾವತಿಗೆ ಹೋಗಿ ಪಿಯುಸಿ ಮಕ್ಕಳಿಗೆ ಕನ್ನಡ ಪಾಠ ಮಾಡುವ ಮೇಷ್ಟ್ರು. ಈ ವರ್ಷ ಅವರಿಗೆ ಡಿಸ್ಟೋಪಿಯಾ ಕಥೆಗಳನ್ನು ವಿಶ್ಲೇಷಿಸಲು ಕಲಿಸಬೇಕೆಂಬ ಹುಚ್ಚು ಹಿಡಿಯಿತು. ಡಿಸ್ಟೋಪಿಯಾ ಎಂದರೆ ರಾಮರಾಜ್ಯಕ್ಕೆ ಪೂರಾ ಉಲ್ಟಾ. ಯಂತ್ರ ಬೆಳೆದು ಮನುಷ್ಯ ಕುಗ್ಗಿಹೋದ ನಾಳೆಯ ಊರು. ಮಕ್ಕಳಿಗೆ ತಕ್ಕ ಕಥೆ ಸಿಗದೆ ನಾನೇ ಒಂದನ್ನು ಬರೆದೆ. ಅದರಲ್ಲಿ ದೀಪದ ಕಂಬಕ್ಕೊಂದು ಯಂತ್ರದ ಕಣ್ಣು. ಯಾರು ಯಾರ ಜೊತೆ ನಿಂತರು, ಎಷ್ಟು ಹೊತ್ತು ನಕ್ಕರು ಎಂಬುದೆಲ್ಲ ಅರಮನೆಗೆ ವರದಿಯಾಗುತ್ತದೆ. ಬರೆದು ಮುಗಿಸಿದಾಗ ನನಗೇ ಮೈ ಜುಮ್ಮೆಂದಿತು. ಹೆಂಡತಿಗೆ ಓದಿ ಹೇಳಿದೆ. ಆಕೆ ಕುಕ್ಕರಿನ ಸೀಟಿ ಎಣಿಸುತ್ತಿದ್ದಳು.

ತರಗತಿಯಲ್ಲಿ ಓದಿದಾಗ ಎಲ್ಲರೂ ಸುಮ್ಮನಿದ್ದರು. ಗೆದ್ದೆ ಎಂದುಕೊಂಡೆ. ಆಗ ಕೊನೆಯ ಬೆಂಚಿನ ಗಣೇಶ ಎದ್ದು, ಅಷ್ಟೊಂದು ಕರೆಂಟು ಸುಡುವ ಬದಲು ಅರಮನೆಯವರು ಬೀದಿಗೊಬ್ಬ ಆಂಟಿಯನ್ನು ನೇಮಿಸಿದ್ದರೆ ಸಾಕಿತ್ತಲ್ಲ ಎಂದು ಕೇಳಿದ. ತರಗತಿಗೆ ತರಗತಿಯೇ ನಕ್ಕಿತು. ನಾನು ಪಟ್ಟು ಬಿಡದೆ, ನಿಮ್ಮನ್ನು ಯಾರು ಗಮನಿಸುತ್ತಿದ್ದಾರೆ ಯೋಚಿಸಿ ಎಂದೆ. ಮೊಬೈಲು, ಆ್ಯಪು, ಕ್ಯಾಮೆರಾ ಎಂಬ ಉತ್ತರಗಳಿಗಾಗಿ ಬೋರ್ಡಿನ ಮೇಲೆ ಜಾಗವನ್ನೂ ಬಿಟ್ಟುಕೊಂಡಿದ್ದೆ. ಉತ್ತರವಾಗಿ ಬಂದವರು ಬಸ್ಸಿನ ಕಂಡಕ್ಟರು, ಮೆಡಿಕಲ್ ಶಾಪಿನ ಅಂಕಲ್ಲು, ಎದುರು ಮನೆಯ ಅಜ್ಜಿ. ಮೊಬೈಲಿನ ಹೆಸರು ಬಂದದ್ದು, ಅದೊಂದೇ ಯಾರಿಗೂ ಹೇಳಿಕೊಡುವುದಿಲ್ಲ ಎಂಬ ಹೊಗಳಿಕೆಯ ರೂಪದಲ್ಲಿ.

ಯೋಚಿಸಿದರೆ ಅವರ ಮಾತು ಹೊಸದೂ ಅಲ್ಲ. ಸೂರ್ಯಚಂದ್ರರೇ ಸಾಕ್ಷಿ ಎಂದು ಆಣೆಯಿಟ್ಟುಕೊಂಡು ಬದುಕಿದ ಜನ ನಾವು. ಹಗಲಿಗೊಬ್ಬ, ರಾತ್ರಿಗೊಬ್ಬ ಪಾಳಿಯ ಮೇಲೆ ನೋಡುತ್ತಿರುತ್ತಾನೆ. ಸತ್ತಮೇಲೆ ಓದಿ ಹೇಳಲು ಯಮನ ಕಚೇರಿಯಲ್ಲಿ ಗುಮಾಸ್ತನೂ ಇದ್ದಾನೆ. ಇಂಥವರ ಮೊಮ್ಮಕ್ಕಳಿಗೆ ಕಂಬದ ಮೇಲಿನ ಕಣ್ಣು ತೋರಿಸಿ ಹೆದರಿ ಎಂದರೆ ಹೇಗೆ ಹೆದರಿಯಾರು?

ಬೆಲ್ಲು ಹೊಡೆದ ಮೇಲೆ ಚೈತ್ರಾ ಬಂದು ಮೇಜಿನ ಹತ್ತಿರ ನಿಂತಳು. ಹೊಳೆಹೊನ್ನೂರಿನ ಹುಡುಗಿ, ಅಪ್ಪನದು ಹಾರ್ಡ್‌ವೇರ್ ಅಂಗಡಿ. ಖೋಖೋ ಆಡುತ್ತಾಳೆ; ಆಡುತ್ತಿದ್ದಳು ಎನ್ನಬೇಕು, ಹತ್ತನೇ ಕ್ಲಾಸಿಗೆ ಆಟ ಸಾಕು ಎಂದು ಮನೆಯಲ್ಲಿ ತೀರ್ಮಾನವಾಗಿತ್ತು.

"ಸಾರ್, ಆ ಪಟ್ಟೀಲಿ ನಿಮ್ಮನ್ನ ಬಿಟ್ಟುಬಿಟ್ರಲ್ಲ. ನೀವೂ ನೋಡ್ತೀರಲ್ಲ ನಮ್ಮನ್ನ" ಎಂದಳು.

ನಿಜ. ಗೈರುಹಾಜರಾದವರ ಹೆಸರುಗಳನ್ನು ಪೋಷಕರ ವಾಟ್ಸಾಪ್ ಗ್ರೂಪಿಗೆ ದಿನಾ ಬೆಳಗ್ಗೆ ಹಾಕುವವನು ನಾನೇ. ವಿನಯವಿರಲಿ ಎಂದು ಕೆಳಗೊಂದು ಕೈಮುಗಿಯುವ ಚಿತ್ರವನ್ನೂ ಅಂಟಿಸುತ್ತೇನೆ. ಗ್ರೂಪಿನಲ್ಲಿ ಅಪ್ಪ ಅಮ್ಮಂದಿರಲ್ಲದೆ ಕೆಲವರ ದೊಡ್ಡಪ್ಪ, ಸೋದರಮಾವಂದಿರೂ ಇದ್ದಾರೆ. ಕಥೆ ಬರೆಯುವಾಗ ಇದು ನೆನಪಿಗೇ ಬರಲಿಲ್ಲ.

ಮರುದಿನ ಶಿವಮೊಗ್ಗದಲ್ಲಿ ಜಿಲ್ಲಾ ತಂಡದ ಆಯ್ಕೆ ಇದೆಯಂತೆ, ಕಾಲೇಜಿಗೆಂದು ಹೊರಟು ಅಲ್ಲಿಗೆ ಹೋಗುತ್ತಾಳಂತೆ. "ಗ್ರೂಪಲ್ಲಿ ನನ್ನ ಹೆಸರು ಹಾಕ್ಬೇಡಿ ಸಾರ್. ಮನೇಲಿ ಗೊತ್ತಾದ್ರೆ ಕಾಲೇಜೇ ಬಿಡಿಸ್ತಾರೆ." ನಾನು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಮೇಷ್ಟ್ರುಗಳಿಗೆ ಬರುವ ಒಂದು ಕೆಮ್ಮು ಇದೆ, ಅದನ್ನು ಕೆಮ್ಮಿದೆ.

ಮರುದಿನ ರಿಜಿಸ್ಟರಿನಲ್ಲಿ ಅವಳಿಗೆ ಗೈರು ಎಂದೇ ಬರೆದೆ. ಅದು ಸರ್ಕಾರದ ಪುಸ್ತಕ. ಗ್ರೂಪಿನ ಮುಂದೆ ಮಾತ್ರ ಬೆರಳು ನಿಂತುಬಿಟ್ಟಿತು. ಒಂದು ಹೆಸರಿಗೆ ಒಂದು ಹುಡುಗಿಯ ಓದು ಹೋಗುತ್ತದಲ್ಲ ಎಂದು ನಿಜಕ್ಕೂ ಹೆದರಿಕೆಯಾಯಿತು. ಕೊನೆಗೆ 'ಇಂದು ಎಲ್ಲರೂ ಹಾಜರು' ಎಂದು ಟೈಪಿಸಿ, ಕೈಮುಗಿದು, ಕಳಿಸಿಯೇಬಿಟ್ಟೆ.

ಸುಳ್ಳಿಗೂ ಅಭ್ಯಾಸ ಬೇಕು. ಚಹಾ ಮುಗಿಯುವುದರೊಳಗೆ ಗಣೇಶನ ತಾಯಿ ಗ್ರೂಪಿನಲ್ಲೇ ಕೇಳಿದರು: "ಸರ್, ನಮ್ಮ ಗಣೇಶ ಜ್ವರ ಬಂದು ಇಲ್ಲೇ ಮಲಗಿದ್ದಾನೆ. ಅಲ್ಲಿ ಹಾಜರಿರೋದು ಯಾರು?" ಅವನೂ ಬಂದಿಲ್ಲವೆಂದು ರಿಜಿಸ್ಟರಿನಲ್ಲಿ ನಾನೇ ಬರೆದಿದ್ದೆ. ಒಬ್ಬಳನ್ನು ಅಡಗಿಸುವ ಭರದಲ್ಲಿ ಅವನನ್ನೂ ಹಾಜರು ಮಾಡಿಬಿಟ್ಟಿದ್ದೆ. ಏನು ಉತ್ತರ ಕೊಡಲಿ ಎಂದು ತಿಣುಕುತ್ತಿರುವಾಗಲೇ ಫೋನು ಬಂತು. ಚೈತ್ರಾಳ ಅಪ್ಪ. ಹುಡುಗಿಯ ಕಾಲೇಜು ಇವತ್ತಿಗೆ ಮುಗಿಯಿತು ಎಂದುಕೊಂಡೇ ಎತ್ತಿದೆ. ನನ್ನ ಗಂಟಲಿಗೆ ಈ ಸಲ ನಿಜವಾದ ಕೆಮ್ಮೇ ಬಂತು.

ಅವರ ದನಿಯ ಹಿಂದೆ ಸೀಟಿಯ ಸದ್ದು, ಮಕ್ಕಳ ಕೂಗು. "ಸಾರ್, ನಾನು ಶಿವಮೊಗ್ಗದಲ್ಲಿದೀನಿ, ಸ್ಟೇಡಿಯಂ ಹತ್ರ" ಎಂದರು. "ಇವಳು ಇಲ್ಲಿಳಿದ್ಲು ಅಂತ ಕಂಡಕ್ಟರ್ ಫೋನ್ ಮಾಡಿದ್ದ. ಎಳ್ಕೊಂಡು ಹೋಗೋಣ ಅಂತಾನೇ ಬಂದೆ."

ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಅವರು ಬಿಡಲಿಲ್ಲ.

"ಎಷ್ಟು ಚೆನ್ನಾಗಿ ಆಡ್ತಾಳೆ ಮಾರಾಯ್ರೆ. ನಾನು ನೋಡೇ ಇರ್ಲಿಲ್ಲ. ಮರದ ಹಿಂದೆ ನಿಂತಿದೀನಿ, ನನ್ನ ಕಂಡ್ರೆ ಆಟ ಕೆಡುತ್ತೆ." ಆಮೇಲೆ ದನಿ ತಗ್ಗಿಸಿದರು. "ಗ್ರೂಪಲ್ಲಿ ನಮ್ಮಣ್ಣ ಇದಾನೆ ಸಾರ್. ಮನೇಲಿ ಅವನು ಹೇಳಿದ್ದೇ ಮಾತು. ಆ ಹುಡುಗನ ತಾಯಿ ಹಂಗೆ ಹಾಕಿದ ಮೇಲೆ ಅವನಿಗೆ ಅನುಮಾನ ಬರುತ್ತೆ. ಇನ್ನೊಂದ್ಸಲ ಸರಿಯಾಗಿ ಹಾಕಿಬಿಡಿ."

ಸರಿಯಾಗಿಯೇ ಹಾಕಿದೆ. 'ತಿದ್ದುಪಡಿ: ಗಣೇಶ ಜ್ವರದಿಂದ ಗೈರು. ಉಳಿದ ಎಲ್ಲರೂ ಹಾಜರು. ಮೊಬೈಲಿನ ದೋಷಕ್ಕೆ ಕ್ಷಮೆಯಿರಲಿ.' ಮೊಬೈಲು ಪಾಪ ಏನೂ ಹೇಳಲಿಲ್ಲ. ಮೊದಲ ಹೆಬ್ಬೆರಳು ಎತ್ತಿದವರು ಹೊಳೆಹೊನ್ನೂರಿನ ದೊಡ್ಡಪ್ಪ. ಅದರ ಬೆನ್ನಿಗೇ, ಮರದ ಹಿಂದಿನಿಂದ, ಎರಡನೆಯ ಹೆಬ್ಬೆರಳು ಬಂತು.