ಹಳೆಯ ಬೀರುವಿನ ತುಡುವೆ ಜೇನು

ನನ್ನ ಗಂಡ ತೀರಿಕೊಂಡು ಮೂರು ತಿಂಗಳಾಗಿತ್ತು. ಹಾಸನದ ಮನೆಯಿಂದ ಬಸ್ಸು ಹತ್ತಿ ಸಾಲಗಾಮೆ ಕಡೆಯ ಹಳ್ಳಿ ಶಾಲೆಗೆ ಹೋಗುತ್ತಿದ್ದೆ, ಪಾಠ ಮಾಡುತ್ತಿದ್ದೆ, ವಾಪಸ್ಸು ಬರುತ್ತಿದ್ದೆ. ಎಷ್ಟು ಗಟ್ಟಿ ಹೆಂಗಸು ಎಂದು ನೆಂಟರು ಮಾತಾಡಿಕೊಂಡರು. ಗಟ್ಟಿತನ ಏನೂ ಇರಲಿಲ್ಲ. ತಿಂದದ್ದಕ್ಕೆ ರುಚಿಯಿರಲಿಲ್ಲ. ಎದುರಿಗೆ ಯಾರಾದರೂ ಅತ್ತರೆ ಸುಮ್ಮನೆ ನೋಡುತ್ತ ಕೂರುತ್ತಿದ್ದೆ.

ಇಬ್ಬರೇ ಶಿಕ್ಷಕಿಯರಿದ್ದ ಆ ಶಾಲೆಗೆ ನಾನೇ ಮುಖ್ಯಶಿಕ್ಷಕಿ. ಸಾಮಾನಿನ ಕೋಣೆಯಲ್ಲಿ ಬಾಗಿಲು ಮುರಿದ ಮರದ ಬೀರು ಒಂದಿತ್ತು, ಅದರೊಳಗೆ ತುಡುವೆ ಜೇನು ಗೂಡು ಕಟ್ಟಿತ್ತು. ಒಂದು ದಿನ ಮೂರನೇ ತರಗತಿಯ ಹುಡುಗಿಯೊಬ್ಬಳಿಗೆ ರೆಪ್ಪೆಯ ಮೇಲೆ ಕಚ್ಚಿತು. ಕಣ್ಣು ಮುಚ್ಚಿಹೋಗುವಷ್ಟು ಊದಿತು. ಅವಳಪ್ಪ ಟೊಮೆಟೊಗೆ ಹೊಡೆಯುವ ಔಷಧಿಯ ಕ್ಯಾನು ಬೆನ್ನಿಗೆ ಹಾಕಿಕೊಂಡೇ ಬಂದ.

"ಒಡ್ದುಬುಡ್ಲಾ ಮೇಡಂ?"

"ಹೊಡೀರಿ" ಅಂದೆ. ಬೇರೆ ದಾರಿ ಇದೆಯೇ ಎಂದು ಯೋಚಿಸಲೇ ಇಲ್ಲ.

ಅರ್ಧ ಗಂಟೆಯಲ್ಲಿ ಸದ್ದು ನಿಂತಿತು. ಉದುರಿದ ಹುಳಗಳನ್ನು ನಾನೇ ಗುಡಿಸಿ ಮೊರಕ್ಕೆ ತುಂಬಿದೆ. ಭತ್ತದ ಹೊಟ್ಟಿನ ಹಾಗೆ ಹಗುರವಾಗಿದ್ದವು. ಕೈ ತೊಳೆದುಕೊಂಡು ಹೋಗಿ ಐದನೇ ತರಗತಿಗೆ ಪರಾಗಸ್ಪರ್ಶದ ಪಾಠ ಮಾಡಿದೆ. ಬೋರ್ಡಿನ ಮೇಲೆ ಹೂವು ಬರೆದೆ, ಪಕ್ಕದಲ್ಲಿ ಜೇನುಹುಳ ಬರೆದೆ. ನಾಲಿಗೆ ತಡವರಿಸಲಿಲ್ಲ.

ಹತ್ತು ಹನ್ನೆರಡು ದಿನ ಕಳೆದ ಮೇಲೆ, ಶಾಲೆಯ ಹಿಂದಿನ ಹೊಲದಲ್ಲಿ ಸಿಹಿಗುಂಬಳ ಬೆಳೆಯುತ್ತಿದ್ದ ಹೆಂಗಸು ಬಂದಳು. ನನಗಿಂತ ಹತ್ತು ವರ್ಷಕ್ಕೆ ಹಿರಿಯಳು. ಸೆರಗಿನಲ್ಲಿ ತಂದಿದ್ದ ಪೀಚುಕಾಯಿಗಳನ್ನು ನನ್ನ ಮೇಜಿನ ಮೇಲೆ ಸುರಿದಳು. ಎಲ್ಲವೂ ಹಳದಿಗಟ್ಟಿ ಸುಕ್ಕಾಗಿದ್ದವು.

"ನೋಡಿ ಟೀಚರ್, ಊವು ಬತ್ತದೆ, ಪೀಚು ಬತ್ತದೆ, ಅಂಗೇ ಉದ್ರೋಯ್ತದೆ. ನಿಮ್ ಬೀರಿನಾಗಿದ್ದ ಜೇನುಳ ಎಲ್ಲೋದೋ?"

"ಔಷಧಿ ಹೊಡೆಸಿದೆ."

ಅವಳು ಕೂಗಾಡಲಿಲ್ಲ. ಹೊಸ್ತಿಲ ಮೇಲೆ ಕೂತುಬಿಟ್ಟಳು.

"ಒಂದ್ ಮಾತು ಏಳ್ಬಾರ್ದಿತ್ತಾ? ನಮ್ ನೆಂಟ್ರೊಬ್ರು ಮಲ್ಲಿಪಟ್ಟಣದಾಗೆ ಜೇನು ಸಾಕ್ತಾರೆ. ಪೆಟ್ಗೆಗೆ ತುಂಬ್ಸಿ ಒಲದಾಗೆ ಇಟ್ಕೊತಿದ್ದೆ. ತುಡುವೆ ಸಾಧು ಕಣವ್ವ."

ಕ್ಷಮಿಸಿ ಎನ್ನಬೇಕಿತ್ತು. ಬಾಯಿಗೆ ಬರಲಿಲ್ಲ. "ನಾಳೆ ಬೆಳಿಗ್ಗೆ ಬರ್ತೀನಿ. ಜೇನಿನ ಕೆಲಸ ಕೈಯಲ್ಲೇ ಮಾಡೋಣ" ಎಂದಷ್ಟೇ ಹೇಳಿದೆ.

ಮೊದಲನೇ ಬಸ್ಸಿಗೆ ಹೋದೆ. ಕುಂಬಳದ ಹೂವು ಬೆಳಗಾಗುತ್ತಲೇ ಅರಳಿ, ಬಿಸಿಲೇರುವಷ್ಟರಲ್ಲಿ ಮುದುಡುತ್ತದೆ. ಗಂಡು ಹೂವು ಕಿತ್ತು, ಎಸಳು ಹರಿದು, ಒಳಗಿನ ಹಳದಿ ಪುಡಿಯನ್ನು ಹೆಣ್ಣು ಹೂವಿನ ನಡುವೆ ಸವರುವುದನ್ನು ತೋರಿಸಿಕೊಟ್ಟೆ. ಶಾಲೆಯ ಗಂಟೆ ಹೊಡೆಯುವ ಹೊತ್ತಿಗೆ ಇಬ್ಬರೂ ಸೇರಿ ನಾಲ್ಕು ಸಾಲು ಮುಗಿಸಿದ್ದೆವು. ಅವಳು ಸೊಂಟ ಹಿಡಿದುಕೊಂಡು ನಿಂತು, "ಈ ಕೆಲ್ಸನಾ ಅವು ಕೂಲಿ ಇಲ್ದಂಗೆ ಮಾಡ್ತಿದ್ವು" ಅಂದಳು.

ಎರಡು ವಾರ ಹೀಗೇ ಹೋದೆ. ಬೇರೇನೂ ಯೋಚಿಸಬೇಕಾಗಿರಲಿಲ್ಲ, ಅದಕ್ಕೇ ಹೋಗುತ್ತಿದ್ದೆನೇನೋ. ಒಂದಷ್ಟು ಕಾಯಿ ನಿಂತವು. ಪುಡಿ ಒಂದೇ ಪಕ್ಕಕ್ಕೆ ತಾಗಿದ್ದ ಹೂವುಗಳಲ್ಲಿ ಸೊಟ್ಟಕಾಯಿ ಆದವು. ಅವನ್ನು ಅವಳು "ಟೀಚರ್ ಕಾಯಿ" ಎಂದು ಕರೆದು ನಕ್ಕಳು. ನಾನೂ ತುಟಿ ಅಗಲಿಸಿದೆ.

ಒಂದು ಭಾನುವಾರ ಇಬ್ಬರೂ ಮಲ್ಲಿಪಟ್ಟಣಕ್ಕೆ ಹೋಗಿ ಅವಳ ನೆಂಟರಿಂದ ಒಂದು ಜೇನುಪೆಟ್ಟಿಗೆ ತಂದೆವು. ಸಂಜೆ ಹುಳಗಳೆಲ್ಲ ಗೂಡು ಸೇರಿದ ಮೇಲೆ ಆತ ಪೆಟ್ಟಿಗೆಯ ಬಾಯಿಗೆ ಜಾಲರಿ ಬಡಿದು, "ಅಲ್ಲಾಡುಸ್ಬೇಡಿ ಮೇಡಂ" ಎಂದು ನನ್ನ ತೊಡೆಯ ಮೇಲೆ ಇಟ್ಟ. ಆಟೋ ಅರಕಲಗೂಡು, ಹಾಸನ ದಾಟಿ ಅವಳ ಹೊಲ ಮುಟ್ಟುವವರೆಗೂ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ. ಪೆಟ್ಟಿಗೆಯೊಳಗೆ ಸಣ್ಣಗೆ ಗುಂಯ್ ಎನ್ನುತ್ತಿತ್ತು. ಹಲಗೆ ಬೆಚ್ಚಗಿತ್ತು. ಬೆಚ್ಚಗಿದೆ ಎಂದು ನನಗೆ ತಿಳಿಯಿತು, ಅಷ್ಟೇ. ಆದರೆ ಕೈ ತೆಗೆಯಲು ಮನಸ್ಸಾಗಲಿಲ್ಲ.

ಮರುದಿನ, ಜೇನು ಕಚ್ಚಿದ್ದ ಹುಡುಗಿಯ ಅಪ್ಪನ ಮನೆಗೆ ಹೋದೆ. ಹೂವಿನ ಕಾಲದಲ್ಲಿ ಬೆಳಗಿನ ಹೊತ್ತು ಔಷಧಿ ಹೊಡೆಯಬೇಡಿ, ಹೊಡೆಯಲೇಬೇಕಿದ್ದರೆ ಹುಳ ಗೂಡು ಸೇರಿದ ಮೇಲೆ ಹೊಡೆಯಿರಿ ಎಂದೆ. ಅವತ್ತು ಹೊಡೆಯಿರಿ ಎಂದವಳು ನಾನೇ, ತಪ್ಪು ನನ್ನದು ಎಂದೂ ಹೇಳಿದೆ. ಆತ ತಲೆ ಕೆರೆದುಕೊಂಡು, "ಆಯ್ತು ಮೇಡಂ, ಸಂಜೆ ಒಡೀತೀನಿ ಬುಡಿ" ಅಂದ. ಅವನ ಮಗಳ ಕಣ್ಣು ಪೂರ್ತಿ ವಾಸಿಯಾಗಿತ್ತು.

ಮುಂದಿನ ಬೆಳೆಗೆ ನಮ್ಮ ಕೈ ಬೇಕಾಗಲಿಲ್ಲ. "ಇನ್ ನೀವು ಅಷ್ಟೊತ್ಗೇ ಎದ್ ಬರಾದ್ ಬ್ಯಾಡ ಕಣವ್ವ" ಅಂದಳು ಅವಳು. ಆದರೂ ಹೋದೆ. ಅವಳು ಲೋಟದಲ್ಲಿ ಕಾಫಿ ಕೊಟ್ಟಳು. ಬದುವಿನ ಮೇಲೆ ಕೂತು ಕುಡಿದೆ. ಸಕ್ಕರೆ ಜಾಸ್ತಿಯಾಗಿತ್ತು, ನಾಲಿಗೆಗೆ ಗೊತ್ತಾಯಿತು.